ತೋಟದ ಔಷಧಿ, ಯುದ್ಧದ ವಿಷ: ನಡುವೆ ಗೆರೆ ಎಳೆದ ಒಪ್ಪಂದದ ಕಥೆ

ಮೊನ್ನೆ ನಮ್ಮ ತೋಟದಲ್ಲಿ ಬೋರರ್ ಔಷಧಿ ಹಚ್ಚುವ ಕೆಲಸ ನಡೆಯುತ್ತಿತ್ತು. ಮೂಡಿಗೆರೆ ಕಡೆ ಅರೇಬಿಕಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಳಿ ಕಾಂಡಕೊರಕದ ದುಂಬಿ ತೊಗಟೆಯ ಸಂದಿಯಲ್ಲಿ ಮೊಟ್ಟೆ ಇಡುವ ಹೊತ್ತಿಗೆ ಸರಿಯಾಗಿ ಕಾಂಡಕ್ಕೆ ಔಷಧಿ ಬೀಳಬೇಕು. ತಪ್ಪಿದರೆ ಆಮೇಲೆ ಗಿಡವನ್ನೇ ಕಿತ್ತು ಸುಡಬೇಕಾಗುತ್ತದೆ.

ಮಧ್ಯಾಹ್ನ ಊಟಕ್ಕೆ ಕೂತಾಗ, ವರ್ಷಗಟ್ಟಲೆ ನಮ್ಮಲ್ಲಿ ಔಷಧಿ ಹೊಡೆಯುತ್ತಿರುವ ಹಿರಿಯರೊಬ್ಬರು ಕೇಳಿದರು: "ಮೇಷ್ಟ್ರೇ, ಟಿವೀಲಿ ಯುದ್ಧದ ಸುದ್ದೀಲಿ ವಿಷದ ಗ್ಯಾಸು ಅಂತಿರ್ತಾರಲ್ಲ, ನಾವು ಹೊಡೆಯೋ ಔಷ್ದಿನೂ ಅದೇ ಜಾತೀದಾ?"

ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವನು. ಇಷ್ಟು ನೇರವಾದ, ಇಷ್ಟು ಒಳ್ಳೆಯ ಪ್ರಶ್ನೆಯನ್ನು ಕ್ಲಾಸಿನಲ್ಲೂ ಯಾರೂ ಕೇಳಿರಲಿಲ್ಲ. "ಒಂದೇ ಅಲ್ಲ, ಆದರೆ ದಾಯಾದಿಗಳು" ಎಂದೆ. ಅಷ್ಟು ಹೇಳಿ ಸುಮ್ಮನಾಗುವುದು ಸರಿ ಅನ್ನಿಸಲಿಲ್ಲ. ದಾಯಾದಿಗಳಾದರೆ ಒಬ್ಬನನ್ನು ಅಂಗಡಿಯಲ್ಲಿ ಮಾರುತ್ತಾರೆ, ಇನ್ನೊಬ್ಬನನ್ನು ಇಡೀ ಜಗತ್ತು ಸೇರಿ ನಿಷೇಧಿಸಿದೆ, ಹೇಗೆ? ಗೆರೆ ಎಳೆದವರು ಯಾರು? ಅದನ್ನು ಕಾಯುವವರು ಯಾರು? ಅದಕ್ಕೇ ಈ ಲೇಖನ.

ಕೋವಿ ಲೈಸೆನ್ಸ್ ಗೊತ್ತಿದ್ದರೆ ಅರ್ಧ ವಿಷಯ ಗೊತ್ತಿದ್ದ ಹಾಗೆ

ಪೇಪರಿನಲ್ಲಿ ಪದೇ ಪದೇ ಬರುವ ಕೆಲವು ಪದಗಳನ್ನು ಮೊದಲು ನೋಡೋಣ. ಒಂದೇ ಏಟಿಗೆ ಲೆಕ್ಕವಿಲ್ಲದಷ್ಟು ಜನರನ್ನು, ಸೈನಿಕ ಯಾರು ಕೂಸು ಯಾರು ಎಂದು ನೋಡದೆ ಕೊಲ್ಲಬಲ್ಲ ಅಸ್ತ್ರಗಳನ್ನು 'ಸಮೂಹ ನಾಶಕ ಅಸ್ತ್ರ' ಎನ್ನುತ್ತಾರೆ. ಇವು ಮುಖ್ಯವಾಗಿ ಮೂರು: ಅಣುಬಾಂಬು, ರೋಗಾಣುಗಳನ್ನು ಹರಡುವ ಜೈವಿಕ ಅಸ್ತ್ರ, ವಿಷವನ್ನೇ ಆಯುಧವಾಗಿಸಿದ ರಾಸಾಯನಿಕ ಅಸ್ತ್ರ.

ಇವುಗಳ ಜೊತೆಗೇ 'ಪ್ರಸರಣ ತಡೆ' ಮತ್ತು 'ನಿಶ್ಶಸ್ತ್ರೀಕರಣ' ಎಂಬ ಮಾತುಗಳು ಬರುತ್ತವೆ. ಎರಡೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಮಲೆನಾಡಿನವರಿಗೆ ಇದನ್ನು ಕೋವಿಯ ಲೆಕ್ಕದಲ್ಲಿ ಹೇಳುವುದು ಸುಲಭ. ನಮ್ಮಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಆದರೆ ಕೇಳಿದವರಿಗೆಲ್ಲ ಕೋವಿ ಸಿಗುವುದಿಲ್ಲ, ಲೈಸೆನ್ಸ್ ಬೇಕು. ಹೊಸಬರ ಕೈಗೆ ಆಯುಧ ಹೋಗದಂತೆ ನೋಡಿಕೊಳ್ಳುವ ಈ ಕೆಲಸವೇ ಪ್ರಸರಣ ತಡೆ. ಚುನಾವಣೆ ಬಂತೆಂದರೆ ಇದ್ದವರೂ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಹಾಗೆ ಒಪ್ಪಿಸಿದ್ದನ್ನು ವಾಪಸ್ ಕೊಡದೆ ಅಲ್ಲೇ ಮುರಿದು ಹಾಕಿದರೆ ಅದು ನಿಶ್ಶಸ್ತ್ರೀಕರಣ.

ಇಲ್ಲಿ ಎಲ್ಲರ ಮನಸ್ಸಿನಲ್ಲೂ ಒಂದು ಅಳುಕು ಇರುತ್ತದೆ. ನಾನು ಒಪ್ಪಿಸಿದೆ, ಪಕ್ಕದ ಮನೆಯವನು ಒಪ್ಪಿಸದಿದ್ದರೆ? ಠಾಣೆಯಲ್ಲಿ ರಿಜಿಸ್ಟರ್ ಇದೆ, ಯಾರ ಕೋವಿ ಬಂತು ಯಾರದು ಬರಲಿಲ್ಲ ಎಂದು ನೋಡುವವರು ಇದ್ದಾರೆ ಎಂಬ ನಂಬಿಕೆಯಿಂದ ನಾವು ಒಪ್ಪಿಸುತ್ತೇವೆ. ದೇಶಗಳಿಗೂ ಇದೇ ಅಳುಕು. ಆದರೆ ದೇಶಗಳ ಮೇಲೆ ಪೊಲೀಸ್ ಠಾಣೆ ಇಲ್ಲ. ಹಾಗಾಗಿ ರಿಜಿಸ್ಟರ್ ಇಡುವವರನ್ನು, ಎಣಿಸಿ ನೋಡುವವರನ್ನು ದೇಶಗಳು ತಾವೇ ಸೇರಿ ಹುಟ್ಟಿಸಬೇಕಾಯಿತು. ಈ ಎಣಿಕೆಗೆ 'ಪರಿಶೀಲನೆ' ಎನ್ನುತ್ತಾರೆ. ಅದಿಲ್ಲದ ಒಪ್ಪಂದ ಬರೀ ಮಾತು. ಇದಕ್ಕೆ ಸಾಕ್ಷಿ ಮುಂದೆ ಬರುತ್ತದೆ.

ನೀರುಗಂಟಿಯ ಕೈ ಕಟ್ಟಿದರೆ ಏನಾಗುತ್ತದೆ?

ಈಗ ದಾಯಾದಿ ಸಂಬಂಧಕ್ಕೆ ಬರೋಣ. ನಮ್ಮ ಕೆರೆಗಳಿಗೆ ಹಿಂದೆ ನೀರುಗಂಟಿ ಇರುತ್ತಿದ್ದ. ಗದ್ದೆಗೆ ನೀರು ಬೇಕಾದಾಗ ತೂಬು ಎತ್ತುವುದು, ಸಾಕಾದಾಗ ಇಳಿಸುವುದು ಅವನ ಕೆಲಸ. ಎತ್ತುವಷ್ಟೇ ಮುಖ್ಯ ಇಳಿಸುವುದು. ಇಳಿಸದಿದ್ದರೆ ಗದ್ದೆ ಮುಳುಗಿ ಪೈರು ಕೊಳೆಯುತ್ತದೆ.

ನಮ್ಮ ದೇಹದಲ್ಲೂ ಇಂಥದ್ದೇ ಏರ್ಪಾಡು ಇದೆ. ಕೈ ಎತ್ತಬೇಕು, ಉಸಿರು ಎಳೆಯಬೇಕು ಎಂದರೆ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು ಮಾಂಸಖಂಡಕ್ಕೆ 'ಬಿಗಿಯಾಗು' ಎಂದು ಹೇಳುತ್ತದೆ. ಕೆಲಸ ಆದ ತಕ್ಷಣ ಒಂದು ಕಿಣ್ವ ಬಂದು ಆ ರಾಸಾಯನಿಕವನ್ನು ಒಡೆದು ಹಾಕುತ್ತದೆ, ಮಾಂಸಖಂಡ ಸಡಿಲವಾಗುತ್ತದೆ. ಆ ಕಿಣ್ವವೇ ನಮ್ಮ ಮೈಯೊಳಗಿನ ನೀರುಗಂಟಿ.

ಆರ್ಗನೋಫಾಸ್ಫೇಟ್ ಎಂಬ ಗುಂಪಿನ ವಿಷಗಳು ಮಾಡುವುದು ಇಷ್ಟೇ: ಆ ನೀರುಗಂಟಿಯ ಕೈ ಕಟ್ಟುತ್ತವೆ. ತೂಬು ತೆರೆದೇ ಉಳಿಯುತ್ತದೆ. ಕಣ್ಣಲ್ಲಿ, ಮೂಗಲ್ಲಿ, ಬಾಯಲ್ಲಿ ನೀರು ಸುರಿಯುತ್ತದೆ. ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಕ್ಕೆ ಕುಗ್ಗುತ್ತದೆ. ಹೊಟ್ಟೆ ಕಿವುಚುತ್ತದೆ, ಮೈ ಅದುರುತ್ತದೆ. ಕೊನೆಗೆ ಉಸಿರಾಟದ ಮಾಂಸಖಂಡಗಳು ಸೋತು ನಿಲ್ಲುತ್ತವೆ.

ನಾವು ಕಾಂಡಕ್ಕೆ ಹಚ್ಚುವ ಕ್ಲೋರ್‌ಪೈರಿಫಾಸ್ ಈ ಗುಂಪಿನದು. ಹಿಟ್ಟು ತಿಗಣೆಗೆ ಹೊಡೆಯುವ ಕ್ವಿನಾಲ್‌ಫಾಸ್ ಕೂಡ ಇದೇ ಗುಂಪು. ಮೊದಲೆಲ್ಲ ಹೊಲಗದ್ದೆಗೆ ಎರಚುತ್ತಿದ್ದ ಫೋರೇಟ್ ಹರಳುಗಳೂ ಇದೇ ಗುಂಪಿನವು, ಅವನ್ನು 2020ರ ಕೊನೆಯಿಂದ ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಯುದ್ಧದ ಸುದ್ದಿಯಲ್ಲಿ ಕೇಳುವ ಸರಿನ್, ವಿಎಕ್ಸ್ ಕೂಡ ಇದೇ ಗುಂಪಿಗೆ ಸೇರಿವೆ.

ಹಾಗಾದರೆ ವ್ಯತ್ಯಾಸ ಎಲ್ಲಿ? ಒಂದು, ಶಕ್ತಿಯಲ್ಲಿ. ವಿಎಕ್ಸ್ ಚರ್ಮಕ್ಕೆ ಒಂದು ಹನಿ ತಾಗಿದರೂ ಜೀವ ಹೋಗಬಹುದು. ಎರಡು, ಮನುಷ್ಯನ ದೇಹ ಅದನ್ನು ಹೇಗೆ ನಿಭಾಯಿಸುತ್ತದೆ ಎಂಬುದರಲ್ಲಿ. ಮೆಲಾಥಿಯಾನ್‌ನಂಥ ಕೀಟನಾಶಕವನ್ನು ನಮ್ಮ ದೇಹ ಬೇಗ ಒಡೆದು ಹಾಕುತ್ತದೆ, ಕೀಟದ ದೇಹಕ್ಕೆ ಅಷ್ಟು ಬೇಗ ಆಗುವುದಿಲ್ಲ. ಯುದ್ಧದ ವಿಷಕ್ಕೆ ಈ ಭೇದ ಇಲ್ಲ. ಆದರೂ ಕೀಟನಾಶಕ ಸಾಧು ಎಂದುಕೊಳ್ಳಬಾರದು. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ತೀರಿಕೊಂಡರು. ಊಟದಲ್ಲಿ ಸೇರಿದ್ದು ಇದೇ ಗುಂಪಿನ ಮೊನೊಕ್ರೊಟೊಫಾಸ್. ಆ ಸುದ್ದಿ ಓದಿದ ದಿನ ನಮ್ಮ ಮನೆಯ ಔಷಧಿ ಡಬ್ಬಗಳನ್ನೆಲ್ಲ ಕೊಟ್ಟಿಗೆಯಿಂದ ತೆಗೆದು ಬೇರೆ ಕೋಣೆಗೆ ಹಾಕಿ ಬೀಗ ಹಾಕಿದೆ.

ಹುಳ ಕೊಲ್ಲುವ ಔಷಧಿ ಹುಡುಕಲು ಹೋಗಿ

ಈ ದಾಯಾದಿಗಳಲ್ಲಿ ಮೊದಲು ಹುಟ್ಟಿದ್ದು ಹೊಲಕ್ಕಾಗಿ ನಡೆದ ಹುಡುಕಾಟದಲ್ಲಿ. 1936ರಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಎಂಬ ವಿಜ್ಞಾನಿ ಬೆಳೆಗೆ ಬೀಳುವ ಹುಳುಗಳಿಗೆ ಹೊಸ ಔಷಧಿ ಹುಡುಕುತ್ತಿದ್ದರು. ಸಿಕ್ಕ ವಸ್ತು ಹುಳುವನ್ನೇನೋ ಕೊಂದಿತು, ಆದರೆ ಅದರ ಆವಿ ತಾಗಿ ಶ್ರಾಡರ್ ಮತ್ತು ಅವರ ಸಹಾಯಕರಿಗೇ ಕಣ್ಣು ಮಂಜಾಗಿ ಉಸಿರು ಕಟ್ಟಿತು. ಅದೇ ಟ್ಯಾಬುನ್ ಎಂಬ ನರವಿಷ. ವಿಷಯ ಜರ್ಮನ್ ಸೈನ್ಯದ ಕಿವಿಗೆ ಬಿತ್ತು. 1938ರಲ್ಲಿ ಇನ್ನೂ ಭಯಂಕರವಾದ ಸರಿನ್ ಬಂತು.

ವಿಎಕ್ಸ್ ಕಥೆಯೂ ಹೀಗೆಯೇ. 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಮಿಟಾನ್ ಎಂಬ ಕೀಟನಾಶಕ ಮಾರುಕಟ್ಟೆಗೆ ಬಂತು. ಮನುಷ್ಯರಿಗೇ ಅಪಾಯ ಎಂದು ಗೊತ್ತಾಗಿ ಅದನ್ನು ವಾಪಸ್ ತೆಗೆದುಕೊಂಡರು. ಅದೇ ಜಾಡಿನಲ್ಲಿ ವಿಎಕ್ಸ್ ಹುಟ್ಟಿತು.

ಯೂರಿಯಾ ಮೂಟೆಯ ಹಿಂದಿನ ಮನುಷ್ಯ

ಇನ್ನೂ ಸ್ವಲ್ಪ ಹಿಂದಕ್ಕೆ ಹೋಗೋಣ. ಹಾಸನದ ಜೋಳಕ್ಕೆ, ಆಲೂಗಡ್ಡೆಗೆ, ನಮ್ಮ ಶುಂಠಿಗೆ ಹಾಕುವ ಯೂರಿಯಾ ಅಮೋನಿಯಾದಿಂದ ಆಗುತ್ತದೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಅಮೋನಿಯಾ ಮಾಡುವ ದಾರಿ ಕಂಡುಹಿಡಿದವರು ಜರ್ಮನಿಯ ಫ್ರಿಟ್ಜ್ ಹೇಬರ್. ಅದಕ್ಕೆ ಅವರಿಗೆ 1918ರ ನೊಬೆಲ್ ಬಹುಮಾನ ಬಂತು. ಇವತ್ತು ಜಗತ್ತಿನ ಕೋಟಿ ಕೋಟಿ ಜನರ ತಟ್ಟೆಯ ಅನ್ನಕ್ಕೆ ಆ ಕೆಲಸ ಕಾರಣ.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಊರಿನ ಹತ್ತಿರ ಕ್ಲೋರಿನ್ ಅನಿಲವನ್ನು ಯುದ್ಧಭೂಮಿಗೆ ಬಿಡುವ ಕೆಲಸದ ಮೇಲುಸ್ತುವಾರಿ ನೋಡಿದವರೂ ಇದೇ ಹೇಬರ್. 5,000ಕ್ಕೂ ಹೆಚ್ಚು ಸಿಲಿಂಡರ್, 150 ಟನ್‌ಗೂ ಜಾಸ್ತಿ ಕ್ಲೋರಿನ್. ಗಾಳಿ ಎದುರಾಳಿಯ ಕಡೆ ಬೀಸುವವರೆಗೆ ಕಾದು ಬಿಟ್ಟರು. ಕ್ಲೋರಿನ್ ಗಾಳಿಗಿಂತ ಭಾರ. ಬೆಳಗಿನ ಮಂಜು ನಮ್ಮ ಕಣಿವೆಗಳಲ್ಲಿ ಇಳಿದು ಕೂರುವ ಹಾಗೆ ಅದು ಸೈನಿಕರು ಅಡಗಿದ್ದ ಕಂದಕಗಳಿಗೆ ಇಳಿದು ಕೂತಿತು. ಕೆಲವೇ ದಿನಗಳಲ್ಲಿ ಅದೇ ಜಾಗದಲ್ಲಿ ಭಾರತದ ಸೈನಿಕರೂ ವಿಷದ ಗಾಳಿಗೆ ಸಿಕ್ಕರು, ಬ್ರಿಟಿಷರ ಪರವಾಗಿ ಹೋಗಿದ್ದ ಲಾಹೋರ್ ಡಿವಿಜನ್‌ನವರು. ಆ ಮಹಾಯುದ್ಧ ಮುಗಿಯುವಷ್ಟರಲ್ಲಿ ರಾಸಾಯನಿಕಗಳಿಂದ ಸತ್ತವರು ಸುಮಾರು 90,000 ಎಂದು ಅಂದಾಜು. ಗಾಯಗೊಂಡವರನ್ನೂ ಸೇರಿಸಿದರೆ 10 ಲಕ್ಷ ದಾಟುತ್ತದೆ.

ಊರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುತ್ತೇವಲ್ಲ, ಅದರಲ್ಲಿ ಕೆಲಸ ಮಾಡುವುದೂ ಕ್ಲೋರಿನ್ನೇ. ಎಷ್ಟೋ ಮಕ್ಕಳನ್ನು ವಾಂತಿಭೇದಿಯಿಂದ ಉಳಿಸಿದ ವಸ್ತು ಅದು. ಒಂದೇ ಮನುಷ್ಯ, ಒಂದೇ ವಸ್ತು, ಎರಡು ಬಗೆಯ ಕೆಲಸ. ರಾಸಾಯನಿಕ ಅಸ್ತ್ರದ ವಿಷಯದಲ್ಲಿ ಎಲ್ಲ ಕಷ್ಟವೂ ಶುರುವಾಗುವುದು ಇಲ್ಲಿಂದ.

ಮೊದಲ ಒಪ್ಪಂದಗಳ ತೂತುಗಳು

ಈಪ್ರ್ ನಡೆಯುವ ಮೊದಲೇ ಒಂದು ಒಪ್ಪಂದ ಇತ್ತು ಎಂದರೆ ಆಶ್ಚರ್ಯವಾಗುತ್ತದೆ. 1899ರಲ್ಲಿ ಹೇಗ್ ನಗರದಲ್ಲಿ ಸೇರಿದ ದೇಶಗಳು, ಉಸಿರುಗಟ್ಟಿಸುವ ಅನಿಲ ತುಂಬಿದ ಗುಂಡುಗಳನ್ನು ಹಾರಿಸುವುದಿಲ್ಲ ಎಂದು ಮಾತು ಕೊಟ್ಟಿದ್ದವು. ಜರ್ಮನಿಯೂ ಅದರಲ್ಲಿತ್ತು. ಆದರೆ ಒಪ್ಪಂದದಲ್ಲಿದ್ದದ್ದು 'ಗುಂಡು' ಎಂಬ ಮಾತು. ನಾವು ಗುಂಡು ಹಾರಿಸಲಿಲ್ಲ, ಸಿಲಿಂಡರ್ ತೆರೆದೆವು ಎಂದು ವಾದಿಸಲು ಜಾಗ ಉಳಿದಿತ್ತು.

ಯುದ್ಧದ ಭೀಕರತೆ ನೋಡಿದ ಮೇಲೆ 1925ರಲ್ಲಿ ಜಿನೀವಾದಲ್ಲಿ ಇನ್ನೊಂದು ಒಪ್ಪಂದವಾಯಿತು. (ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಶುರುವಾದದ್ದೂ ಅದೇ ವರ್ಷ.) ವಿಷಾನಿಲವನ್ನೂ ರೋಗಾಣುವನ್ನೂ ಯುದ್ಧದಲ್ಲಿ ಬಳಸಕೂಡದು ಎಂದಿತು ಜಿನೀವಾ. ಒಳ್ಳೆಯ ಮಾತೇ. ಆದರೆ ತಯಾರಿಸಬೇಡಿ ಎಂದು ಹೇಳಲಿಲ್ಲ. ಗೋದಾಮಿನಲ್ಲಿ ಇಡಬೇಡಿ ಎಂದೂ ಹೇಳಲಿಲ್ಲ. ಎಣಿಸುವವರಂತೂ ಯಾರೂ ಇರಲಿಲ್ಲ. 'ನಮ್ಮ ಮೇಲೆ ಯಾರಾದರೂ ಪ್ರಯೋಗಿಸಿದರೆ ನಾವೂ ಬಿಡುವುದಿಲ್ಲ' ಎಂದು ಷರತ್ತು ಬರೆದೇ ಎಷ್ಟೋ ದೇಶಗಳು ಸಹಿ ಹಾಕಿದವು. ಅಂದರೆ ಕೋವಿ ಮನೆಯಲ್ಲೇ ಇರಲಿ, ಗುಂಡು ತುಂಬಿಯೇ ಇರಲಿ, ಮೊದಲು ಹಾರಿಸಬೇಡಿ ಎಂದ ಹಾಗಾಯಿತು.

ಹಾಗಾಗಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಗೋದಾಮುಗಳಲ್ಲಿ ಸಾವಿರ ಸಾವಿರ ಟನ್ ವಿಷ ಸೇರಿತು. 1980ರ ದಶಕದಲ್ಲಿ ಇರಾಕ್, ಜಿನೀವಾ ಒಪ್ಪಂದಕ್ಕೆ ಸೇರಿದ ದೇಶವಾಗಿದ್ದೂ, ಇರಾನ್ ಮೇಲೆ ಯುದ್ಧದುದ್ದಕ್ಕೂ ರಾಸಾಯನಿಕ ಅಸ್ತ್ರ ಬಳಸಿತು. 1988ರ ಮಾರ್ಚ್ 16ರಂದು ತನ್ನದೇ ದೇಶದ ಹಲಬ್ಜಾ ಎಂಬ ಕುರ್ದ್ ಜನರ ಊರಿನ ಮೇಲೆ ಹಾಕಿತು. ಒಂದೇ ದಿನದಲ್ಲಿ ಸಾವಿರಾರು ಜನ, ಬೀದಿಯಲ್ಲಿ, ಮನೆಯ ಹೊಸ್ತಿಲಲ್ಲಿ, ಕೂಸನ್ನು ಅಪ್ಪಿಕೊಂಡು ಸತ್ತರು. ಆ ಫೋಟೋಗಳನ್ನು ನೋಡಿದವರು ಮರೆಯುವುದಿಲ್ಲ.

ವಸ್ತುವನ್ನಲ್ಲ, ಉದ್ದೇಶವನ್ನು ನೋಡುವ ಕಾನೂನು

ವರ್ಷಗಟ್ಟಲೆ ಮಾತುಕತೆ ನಡೆದು 1993ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ರಾಸಾಯನಿಕ ಅಸ್ತ್ರ ನಿಷೇಧ ಒಪ್ಪಂದಕ್ಕೆ ಸಹಿ ಹಾಕಿಸುವ ಕೆಲಸ ಶುರುವಾಯಿತು. 1997ರ ಏಪ್ರಿಲ್ 29ರಂದು ಅದು ಜಾರಿಗೆ ಬಂತು. ಬಳಸಬಾರದು, ತಯಾರಿಸಬಾರದು, ಕೂಡಿಡಬಾರದು, ಬೇರೆಯವರಿಗೆ ಕೊಡಬಾರದು, ಇರುವುದನ್ನು ನಾಶ ಮಾಡಬೇಕು. ಅಂದರೆ ನಿಶ್ಶಸ್ತ್ರೀಕರಣ ಮತ್ತು ಪ್ರಸರಣ ತಡೆ ಎರಡೂ ಒಂದರಲ್ಲೇ. ಇವತ್ತು 193 ದೇಶಗಳು ಇದರಲ್ಲಿವೆ. ಈಜಿಪ್ಟ್, ಉತ್ತರ ಕೊರಿಯಾ, ದಕ್ಷಿಣ ಸುಡಾನ್ ಸಹಿ ಹಾಕಿಲ್ಲ. ಇಸ್ರೇಲ್ ಸಹಿ ಹಾಕಿದೆ, ಅಂತಿಮ ಒಪ್ಪಿಗೆ ಕೊಟ್ಟಿಲ್ಲ.

ಈ ಒಪ್ಪಂದದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ವಿಷಯ. 1899ರ 'ಗುಂಡು' ಎಂಬ ಮಾತಿನ ತೂತು ಮತ್ತೆ ಬೀಳದಂತೆ ಬರೆದವರು ಬಹಳ ಯೋಚಿಸಿದ್ದಾರೆ. ಇಂತಿಂಥ ವಿಷ ನಿಷೇಧ ಎಂದು ಬರೆದಿದ್ದರೆ ನಾಳೆ ಯಾರಾದರೂ ಪಟ್ಟಿಯಲ್ಲಿಲ್ಲದ ಹೊಸ ವಿಷ ತಯಾರಿಸುತ್ತಿದ್ದರು. ಕ್ಲೋರಿನ್ ನಿಷೇಧ ಎಂದಿದ್ದರೆ ಕುಡಿಯುವ ನೀರಿಗೇ ಕಷ್ಟ. ಹಾಗಾಗಿ ಅವರು ಹೇಳಿದ್ದು ಇಷ್ಟು: ಯಾವುದೇ ವಿಷಕಾರಿ ರಾಸಾಯನಿಕ, ಅದು ಹೊಲ, ಕಾರ್ಖಾನೆ, ಔಷಧ, ಸಂಶೋಧನೆಯಂಥ ಒಪ್ಪಿತ ಕೆಲಸಕ್ಕೆ ಇಲ್ಲದಿದ್ದರೆ, ಅದು ರಾಸಾಯನಿಕ ಅಸ್ತ್ರ. ಎಷ್ಟು ಪ್ರಮಾಣದಲ್ಲಿದೆ, ಆ ಕೆಲಸಕ್ಕೆ ಅಷ್ಟು ಬೇಕಾ ಎಂಬುದನ್ನೂ ನೋಡಬೇಕು.

ಮರಗಸಿ ಮಾಡುವವನ ಕೈಯಲ್ಲಿ ಕತ್ತಿ ಇದ್ದರೆ ಯಾರೂ ಹೆದರುವುದಿಲ್ಲ. ಅದೇ ಕತ್ತಿ ಹಿಡಿದು ಇನ್ನೊಬ್ಬರ ಮನೆ ಬಾಗಿಲಿಗೆ ಬಂದರೆ ಅದು ಆಯುಧ. ಒಬ್ಬನ ಮನೆಯಲ್ಲಿ ಎರಡು ಕತ್ತಿ ಇದ್ದರೆ ಸಹಜ, ಇನ್ನೂರು ಇದ್ದರೆ ಕೇಳಬೇಕಾಗುತ್ತದೆ, ಅಲ್ವಾ?

ಇದೇ ಲೆಕ್ಕದಲ್ಲಿ, 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸೋರಿದ ಅನಿಲ ಸಾವಿರಾರು ಜನರನ್ನು ಕೊಂದಿದ್ದರೂ ಕಾನೂನಿನ ಕಣ್ಣಿಗೆ ರಾಸಾಯನಿಕ ಅಸ್ತ್ರವಲ್ಲ. ಅದು ಕಾರ್ಬರಿಲ್ ಎಂಬ ಕೀಟನಾಶಕ ತಯಾರಿಸಲು ಇಟ್ಟಿದ್ದ ವಸ್ತು. ಸತ್ತವರಿಗೆ ಈ ವ್ಯತ್ಯಾಸದಿಂದ ಏನೂ ಆಗುವುದಿಲ್ಲ, ನಿಜ. ಆದರೆ ಅಪಘಾತ ತಡೆಯುವ ಕಾನೂನು ಬೇರೆ, ಯುದ್ಧ ತಡೆಯುವ ಕಾನೂನು ಬೇರೆ.

ಮೂರು ಪಟ್ಟಿ, ಮತ್ತು ಬದುವಿನ ಹರಳು ಗಿಡ

ಉದ್ದೇಶ ನೋಡುವುದು ಸರಿ, ಆದರೆ ಎಲ್ಲ ಕಾರ್ಖಾನೆಗಳ ಎಲ್ಲ ಡಬ್ಬಗಳನ್ನೂ ತೆರೆದು ನೋಡಲು ಆಗುವುದಿಲ್ಲ. ಅದಕ್ಕೆ ಒಪ್ಪಂದದಲ್ಲಿ ಮೂರು ಪಟ್ಟಿಗಳಿವೆ. ಇವು ನಿಷೇಧದ ಪಟ್ಟಿಗಳಲ್ಲ, ಎಷ್ಟು ಕಣ್ಣಿಡಬೇಕು ಎಂಬುದರ ಪಟ್ಟಿಗಳು.

ಮೊದಲನೆಯದರಲ್ಲಿ ಸರಿನ್, ವಿಎಕ್ಸ್, ಮೈಯಲ್ಲಿ ಬೊಬ್ಬೆ ಏಳಿಸುವ ಸಾಸಿವೆ ಅನಿಲ (ಮಸ್ಟರ್ಡ್ ಗ್ಯಾಸ್) ಇಂಥವು ಇವೆ. ಶಾಂತಿಕಾಲದಲ್ಲಿ ಇವುಗಳಿಂದ ಆಗುವ ಉಪಯೋಗ ಇಲ್ಲವೆನ್ನುವಷ್ಟು ಕಡಿಮೆ. ಸಂಶೋಧನೆ, ವೈದ್ಯಕೀಯ, ರಕ್ಷಣೆಯ ಕೆಲಸಕ್ಕೆ ಎಂದು ಒಂದು ದೇಶ ಎಲ್ಲ ಸೇರಿ 1 ಟನ್‌ಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ವೈದ್ಯಕೀಯ ಯಾಕೆ ಎಂದರೆ, ಸಾಸಿವೆ ಅನಿಲದ ತಮ್ಮನಂಥ ನೈಟ್ರೋಜನ್ ಮಸ್ಟರ್ಡ್ ಎಂಬ ವಸ್ತುವಿನಿಂದಲೇ 1940ರ ದಶಕದಲ್ಲಿ ಕ್ಯಾನ್ಸರಿನ ಮೊದಲ ಕೀಮೋಥೆರಪಿ ಶುರುವಾಯಿತು.

ಈ ಮೊದಲ ಪಟ್ಟಿಯಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಒಂದು ಗಿಡದ ವಿಷವೂ ಇದೆ. ಅರಸೀಕೆರೆ, ಕಡೂರು ಕಡೆ ಹೊಲದ ಬದುವಿನಲ್ಲಿ ಕಾಣುವ ಹರಳು ಗಿಡ. ಅದರ ಬೀಜದಲ್ಲಿ ರೈಸಿನ್ ಎಂಬ ಭಾರಿ ವಿಷ ಇದೆ. 1978ರಲ್ಲಿ ಲಂಡನ್ನಿನಲ್ಲಿ ಬಲ್ಗೇರಿಯಾದ ಲೇಖಕ ಗೆಯೊರ್ಗಿ ಮಾರ್ಕೊವ್ ಅವರ ಕಾಲಿಗೆ ಚುಚ್ಚಿ ಕೊಂದದ್ದು ಇದೇ ವಿಷದಿಂದ ಎಂದು ತನಿಖೆ ಮಾಡಿದವರು ತೀರ್ಮಾನಿಸಿದರು. ಹಾಗಾದರೆ ಅಜ್ಜಿ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆ? ಹೆದರಬೇಕಿಲ್ಲ. ರೈಸಿನ್ ಎಣ್ಣೆಗೆ ಬರುವುದಿಲ್ಲ, ಹಿಂಡಿಯಲ್ಲಿ ಉಳಿಯುತ್ತದೆ. ಶಾಖ ಕೊಟ್ಟರೆ ಕೆಡುತ್ತದೆ. ನಮ್ಮ ಹಿರಿಯರು ಹರಳು ಹಿಂಡಿಯನ್ನು ಗೊಬ್ಬರಕ್ಕೆ ಹಾಕುತ್ತಿದ್ದರು, ದನಕ್ಕೆ ಮಾತ್ರ ಇಡುತ್ತಿರಲಿಲ್ಲ. ಒಪ್ಪಂದವೂ ಹರಳು ಬೆಳೆಯಬೇಡಿ ಎನ್ನುವುದಿಲ್ಲ. ಬೀಜದಿಂದ ಆ ವಿಷವನ್ನು ಬೇರ್ಪಡಿಸಿ ಕೂಡಿಡುವವರ ಮೇಲೆ ಮಾತ್ರ ಅದರ ಕಣ್ಣು.

ಎರಡನೆಯ, ಮೂರನೆಯ ಪಟ್ಟಿಗಳಲ್ಲಿ ದಿನಬಳಕೆಗೆ ಹತ್ತಿರದ ವಸ್ತುಗಳಿವೆ. ಶಾಯಿ ಮತ್ತು ಬಣ್ಣದ ಕಾರ್ಖಾನೆಗೆ ಬೇಕಾಗುವ ಥಯೋಡೈಗ್ಲೈಕಾಲ್ ಎರಡನೆಯದರಲ್ಲಿದೆ. ಆಗ ಹೇಳಿದ ಅಮಿಟಾನ್ ಕೂಡ ಅಲ್ಲೇ ಇದೆ. ಪ್ಲಾಸ್ಟಿಕ್ ಉದ್ಯಮಕ್ಕೆ ಬೇಕಾದ ಫಾಸ್ಜೀನ್, ಶಾಂಪೂಗಳಲ್ಲಿ ಬಳಸುವ ಟ್ರೈಎಥನಾಲಮೀನ್ ಮೂರನೆಯದರಲ್ಲಿವೆ. ಕ್ಲೋರಿನ್ ಯಾವ ಪಟ್ಟಿಯಲ್ಲೂ ಇಲ್ಲ, ನಮ್ಮ ಕ್ಲೋರ್‌ಪೈರಿಫಾಸ್ ಕೂಡ ಇಲ್ಲ. ಆದರೂ ರಂಜಕ, ಗಂಧಕ ಅಥವಾ ಫ್ಲೋರಿನ್ ಇರುವ ಇಂಗಾಲದ ರಾಸಾಯನಿಕವನ್ನು ವರ್ಷಕ್ಕೆ 30 ಟನ್‌ಗಿಂತ ಹೆಚ್ಚು ತಯಾರಿಸುವ ಘಟಕಗಳು ಲೆಕ್ಕ ಕೊಡಬೇಕು, ಅವುಗಳಲ್ಲಿ ದೊಡ್ಡ ಘಟಕಗಳಿಗೆ ತಪಾಸಣೆಗೂ ಬರಬಹುದು. ಕ್ಲೋರ್‌ಪೈರಿಫಾಸ್‌ನಲ್ಲಿ ರಂಜಕವೂ ಇದೆ, ಗಂಧಕವೂ ಇದೆ. ಹಾಗಾಗಿ ಹೊಲದ ಔಷಧಿ ತಯಾರಾಗುವ ಕಾರ್ಖಾನೆಯೂ ಈ ಲೆಕ್ಕದ ಹೊರಗಿಲ್ಲ.

ಅಧ್ಯಕ್ಷರ ಹಾಲಿಗೂ ಫ್ಯಾಟ್ ಟೆಸ್ಟ್

ಈ ಲೆಕ್ಕ ನೋಡುವುದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ರಾಸಾಯನಿಕ ಅಸ್ತ್ರ ನಿಷೇಧ ಸಂಸ್ಥೆ, ಚುಟುಕಾಗಿ ಒಪಿಸಿಡಬ್ಲ್ಯು. 2013ರಲ್ಲಿ ಇದಕ್ಕೆ ನೊಬೆಲ್ ಶಾಂತಿ ಬಹುಮಾನ ಬಂತು.

ಪ್ರತಿ ದೇಶವೂ ತನ್ನಲ್ಲಿ ಏನಿದೆ, ಏನು ತಯಾರಾಗುತ್ತದೆ ಎಂದು ಘೋಷಿಸಬೇಕು. ಸಂಸ್ಥೆಯ ತಪಾಸಕರು ಬಂದು ಘೋಷಣೆಗೂ ಗೋದಾಮಿಗೂ ತಾಳೆ ಇದೆಯಾ ನೋಡುತ್ತಾರೆ. ಅಸ್ತ್ರಗಳಿರುವ ಜಾಗಕ್ಕೆ ಸೀಲ್ ಹಾಕುತ್ತಾರೆ, ನಾಶ ಮಾಡುವಾಗ ಪಕ್ಕದಲ್ಲೇ ನಿಂತು ನೋಡುತ್ತಾರೆ. ಮಾದರಿ ಸಿಕ್ಕರೆ ಅದನ್ನು ಭಾಗ ಮಾಡಿ ಬೇರೆ ಬೇರೆ ದೇಶಗಳ ಪ್ರಯೋಗಾಲಯಗಳಿಗೆ ಕಳಿಸುತ್ತಾರೆ. ಅದು ಎಲ್ಲಿಂದ ಬಂತು ಎಂದು ಪ್ರಯೋಗಾಲಯಕ್ಕೆ ಹೇಳುವುದಿಲ್ಲ.

ನಮ್ಮ ಹಾಲಿನ ಸೊಸೈಟಿಯ ನೆನಪಾಗುತ್ತದೆ ನನಗೆ. ಅಲ್ಲಿ ಕೂಲಿಯವರ ಹಾಲಿಗೂ ಫ್ಯಾಟ್ ನೋಡುತ್ತಾರೆ, ಅಧ್ಯಕ್ಷರ ಮನೆಯ ಹಾಲಿಗೂ ನೋಡುತ್ತಾರೆ. ಎಲ್ಲರದನ್ನೂ ನೋಡುವುದರಿಂದ ಯಾರಿಗೂ ಅವಮಾನವಿಲ್ಲ. ಈ ಒಪ್ಪಂದವೂ ಹಾಗೆಯೇ, ಅಮೆರಿಕಕ್ಕೂ ಅಲ್ಬೇನಿಯಾಕ್ಕೂ ಒಂದೇ ನಿಯಮ. ಯಾವುದೇ ಸದಸ್ಯ ದೇಶ ಇನ್ನೊಂದು ದೇಶದ ಮೇಲೆ ಅನುಮಾನ ಬಂದರೆ ತಕ್ಷಣ ತಪಾಸಣೆ ಮಾಡಿ ಎಂದು ಕೇಳುವ ಹಕ್ಕೂ ಇದೆ. ಆದರೆ ಇಲ್ಲಿಯವರೆಗೆ ಯಾರೂ ಅದನ್ನು ಬಳಸಿಲ್ಲ. ಕೇಳಿದರೆ ಸಂಬಂಧ ಕೆಡುತ್ತದೆ, ನಾಳೆ ನಮ್ಮ ಬಾಗಿಲಿಗೂ ಬರುತ್ತಾರೆ ಎಂಬ ಹಿಂಜರಿಕೆ ಇರಬೇಕು.

ದೇಶಗಳು ಒಟ್ಟು ಘೋಷಿಸಿದ ಅಸ್ತ್ರಗಳು 72,000 ಟನ್‌ಗೂ ಹೆಚ್ಚು. ಅದನ್ನು ಹೂಳುವಂತಿಲ್ಲ, ಬಯಲಲ್ಲಿ ಸುಡುವಂತಿಲ್ಲ, ಸಮುದ್ರಕ್ಕೆ ಎಸೆಯುವಂತಿಲ್ಲ. ವಿಶೇಷ ಕುಲುಮೆಗಳಲ್ಲಿ ಸುಡಬೇಕು ಅಥವಾ ಬೇರೆ ರಾಸಾಯನಿಕ ಸೇರಿಸಿ ವಿಷ ಮುರಿಯಬೇಕು. ರಷ್ಯಾ 2017ರಲ್ಲಿ ತನ್ನ ಪಾಲು ಮುಗಿಸಿತು. ಕೊನೆಯದಾಗಿ ಅಮೆರಿಕ, 2023ರ ಜುಲೈ 7ರಂದು ಕೆಂಟಕಿ ರಾಜ್ಯದಲ್ಲಿ ಉಳಿದಿದ್ದ ಕಡೆಯ ಅಸ್ತ್ರವನ್ನು ನಾಶ ಮಾಡಿತು. ಒಂದು ಇಡೀ ಬಗೆಯ ಅಸ್ತ್ರವನ್ನು, ಘೋಷಿಸಿದ ಮಟ್ಟಿಗಾದರೂ, ಮನುಷ್ಯರು ಎಣಿಸಿ ಎಣಿಸಿ ಇಲ್ಲವಾಗಿಸಿದರು. ಆ ಸುದ್ದಿ ನಮ್ಮಲ್ಲಿ ಎಷ್ಟು ಜನರಿಗೆ ಮುಟ್ಟಿತೋ. ಮುಟ್ಟಬೇಕಿತ್ತು.

ಭಾರತದ ಪಾಲು

1992ರಲ್ಲಿ ಭಾರತ ಮತ್ತು ಪಾಕಿಸ್ತಾನ ಸೇರಿ, ರಾಸಾಯನಿಕ ಅಸ್ತ್ರಗಳನ್ನು ತಯಾರಿಸುವುದಿಲ್ಲ, ಬಳಸುವುದಿಲ್ಲ ಎಂದು ಜಂಟಿ ಘೋಷಣೆ ಮಾಡಿದವು. ಮರುವರ್ಷ ಪ್ಯಾರಿಸ್‌ನಲ್ಲಿ ಶುರುವಿನಲ್ಲೇ ಸಹಿ ಹಾಕಿದವರಲ್ಲಿ ಭಾರತವೂ ಒಂದು. 1997ರಲ್ಲಿ ಒಪ್ಪಂದ ಜಾರಿಯಾದಾಗ, ತನ್ನ ಬಳಿ ಸಾವಿರ ಟನ್‌ಗಿಂತ ಸ್ವಲ್ಪ ಜಾಸ್ತಿ ಸಾಸಿವೆ ಅನಿಲ ಇದೆ ಎಂದು ಭಾರತ ಒಪ್ಪಿಕೊಂಡಿತು. ಅಲ್ಲಿಯವರೆಗೆ ದೇಶದ ಜನರಿಗೇ ಇದು ಗೊತ್ತಿರಲಿಲ್ಲ. 2009ರಲ್ಲಿ ಅದನ್ನೆಲ್ಲ ನಾಶ ಮಾಡಿ ಮುಗಿಸಿತು. ಪೂರ್ತಿ ಮುಗಿಸಿದ ಮೂರನೆಯ ದೇಶ ಭಾರತ.

ಒಪ್ಪಂದವನ್ನು ಇಲ್ಲಿ ಜಾರಿ ಮಾಡಲು 2000ದಲ್ಲಿ ಸಂಸತ್ತು ಕಾನೂನು ಮಾಡಿತು. ಇದಕ್ಕಾಗಿ ದೆಹಲಿಯಲ್ಲಿ ಸಂಪುಟ ಸಚಿವಾಲಯದ ಕೆಳಗೆ ಒಂದು ರಾಷ್ಟ್ರೀಯ ಪ್ರಾಧಿಕಾರ ಇದೆ. ನಮ್ಮ ಕಾರ್ಖಾನೆಗಳ ಲೆಕ್ಕ ಅದರ ಮೂಲಕ ಹೇಗ್‌ಗೆ ಹೋಗುತ್ತದೆ. ತಪಾಸಕರು ಬಂದಾಗ ಜೊತೆಗೆ ಇರುವವರೂ ಅವರೇ.

ಒಪ್ಪಂದ ಮುರಿದವರು

ಇಷ್ಟೆಲ್ಲ ಇದ್ದರೂ ಮುರಿದವರಿದ್ದಾರೆ. 1995ರಲ್ಲಿ, ಒಪ್ಪಂದ ಜಾರಿಯಾಗುವ ಮೊದಲು, ಜಪಾನಿನ ಓಮ್ ಶಿನ್ರಿಕ್ಯೊ ಎಂಬ ಪಂಥದವರು ಟೋಕಿಯೊದ ಮೆಟ್ರೋ ರೈಲಿನಲ್ಲಿ ಸರಿನ್ ಬಿಟ್ಟು 12ಕ್ಕೂ ಹೆಚ್ಚು ಜನರನ್ನು ಕೊಂದರು. ಅಸ್ತ್ರ ಸರ್ಕಾರಗಳ ಕೈಯಲ್ಲಿ ಮಾತ್ರ ಇರುತ್ತದೆ ಎಂಬ ನಂಬಿಕೆ ಅವತ್ತು ಹೋಯಿತು.

2013ರ ಆಗಸ್ಟ್ 21ರಂದು ಸಿರಿಯಾದ ಘೂಟಾದಲ್ಲಿ ಸರಿನ್ ಬಿತ್ತು. ಜಗತ್ತಿನ ಒತ್ತಡ ಬಂದ ಮೇಲೆ ಸಿರಿಯಾ ಒಪ್ಪಂದಕ್ಕೆ ಸೇರಿ ಸುಮಾರು 1,300 ಟನ್ ಘೋಷಿಸಿತು. ಅದರಲ್ಲಿ ಹೆಚ್ಚು ಅಪಾಯದ ಒಂದು ಭಾಗವನ್ನು ಹಡಗಿನ ಮೇಲೇ, ಸಮುದ್ರದ ನಡುವೆ, ನಿಷ್ಕ್ರಿಯಗೊಳಿಸಿದರು. ಆಮೇಲೂ ಅಲ್ಲಿ ಸರಿನ್ ಮತ್ತು ಕ್ಲೋರಿನ್ ದಾಳಿಗಳು ನಡೆದವು. ಕೆಲವು ದಾಳಿಗಳಿಗೆ ಸಿರಿಯಾದ ವಾಯುಪಡೆಯೇ ಕಾರಣ ಎಂದು ಒಪಿಸಿಡಬ್ಲ್ಯು ತನಿಖಾ ತಂಡ ವರದಿ ಕೊಟ್ಟಿತು. ಆದರೆ ಶಿಕ್ಷೆ ಕೊಡುವ ಅಧಿಕಾರ ಆ ಸಂಸ್ಥೆಗಿಲ್ಲ. ಅದು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಹೋಗಬೇಕು, ಅಲ್ಲಿ ಐದು ದೇಶಗಳಿಗೆ ವಿಟೋ, ಅಂದರೆ ಒಬ್ಬರೇ ಬೇಡ ಎಂದು ತೀರ್ಮಾನವನ್ನು ತಡೆಯುವ ಹಕ್ಕು, ಇದೆ. ಸಿರಿಯಾದ ದಾಳಿಗಳ ತನಿಖೆಯನ್ನು ಮುಂದುವರಿಸುವ ಪ್ರಸ್ತಾಪ 2017ರಲ್ಲಿ ರಷ್ಯಾದ ವಿಟೋದಿಂದ ಬಿದ್ದುಹೋಯಿತು.

2018ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಸಾಲ್ಸ್‌ಬರಿಯಲ್ಲಿ ನೊವಿಚಾಕ್ ಎಂಬ ನರವಿಷದಿಂದ ಒಬ್ಬ ಮಾಜಿ ಗೂಢಚಾರ ಮತ್ತು ಅವರ ಮಗಳ ಮೇಲೆ ದಾಳಿಯಾಯಿತು. ಮರುವರ್ಷ ಆ ಗುಂಪಿನ ವಿಷಗಳನ್ನು ಮೊದಲ ಪಟ್ಟಿಗೆ ಸೇರಿಸಲು ದೇಶಗಳು ಒಪ್ಪಿದವು. ಪಟ್ಟಿಗೆ ಹೊಸದು ಸೇರಿದ್ದು ಅದೇ ಮೊದಲು.

ಉಕ್ರೇನ್ ಯುದ್ಧದಿಂದ ಇನ್ನೊಂದು ಪ್ರಶ್ನೆ ಎದ್ದಿದೆ. ಅಲ್ಲಿನ ಕಂದಕಗಳಿಂದ ತಂದ ಮಾದರಿಗಳಲ್ಲಿ ಅಶ್ರುವಾಯು ಇತ್ತು ಎಂದು 2024ರ ನವೆಂಬರ್‌ನಲ್ಲಿ ಒಪಿಸಿಡಬ್ಲ್ಯು ಹೇಳಿತು. ಪೊಲೀಸರು ಗಲಾಟೆ ಚದುರಿಸಲು ಬಳಸುವ ಅಶ್ರುವಾಯು ಯುದ್ಧದಲ್ಲಿ ಯಾಕೆ ನಿಷೇಧ? ಕಂದಕದೊಳಗಿನ ಸೈನಿಕನಿಗೆ ಬಂದದ್ದು ಅಶ್ರುವಾಯುವೋ ಸರಿನ್ನೋ ಆ ಕ್ಷಣದಲ್ಲಿ ಗೊತ್ತಾಗುವುದಿಲ್ಲ. ಅವನ ಕಡೆಯವರು ನಿಜವಾದ ವಿಷದಿಂದಲೇ ಉತ್ತರ ಕೊಟ್ಟರೆ ಮತ್ತೆ 1915 ಶುರುವಾಗುತ್ತದೆ. ಇಲ್ಲೂ ಅದೇ, ವಸ್ತು ಒಂದೇ, ಎಲ್ಲಿ ಯಾಕೆ ಬಳಸಿದರು ಎಂಬುದರ ಮೇಲೆ ಕಾನೂನು.

ಉಳಿದ ಎರಡು ಅಸ್ತ್ರಗಳಿಗೆ?

ಜೈವಿಕ ಅಸ್ತ್ರಗಳಿಗೆ 1972ರ ಒಪ್ಪಂದ ಇದೆ, 1975ರಿಂದ ಜಾರಿಯಲ್ಲಿದೆ. ಪೂರ್ತಿ ನಿಷೇಧ. ಆದರೆ ತಪಾಸಕರೇ ಇಲ್ಲ, ಠಾಣೆಯಲ್ಲಿ ರಿಜಿಸ್ಟರ್ ಇಲ್ಲದ ಹಾಗೆ.

ಅಣ್ವಸ್ತ್ರದ್ದು ಇನ್ನೊಂದು ಬಗೆ. 1970ರಲ್ಲಿ ಜಾರಿಗೆ ಬಂದ ಪ್ರಸರಣ ತಡೆ ಒಪ್ಪಂದದ ಪ್ರಕಾರ ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ ಇವಿಷ್ಟೇ ಅಣ್ವಸ್ತ್ರ ದೇಶಗಳು. ಉಳಿದವರು ಮಾಡಬಾರದು, ಈ ಐದು ದೇಶಗಳು ನಿಶ್ಶಸ್ತ್ರೀಕರಣದ ಕಡೆಗೆ ಮಾತುಕತೆ ನಡೆಸಬೇಕು. ಊರಿನಲ್ಲಿ ಐದು ಮನೆಗೆ ಮಾತ್ರ ಕೋವಿ ಲೈಸೆನ್ಸ್ ಎಂದ ಹಾಗೆ. ಇದು ತಾರತಮ್ಯ ಎಂದು ಭಾರತ ಇವತ್ತಿಗೂ ಸಹಿ ಹಾಕಿಲ್ಲ. ಅದೇ ಭಾರತ ರಾಸಾಯನಿಕ ಅಸ್ತ್ರದ ಒಪ್ಪಂದಕ್ಕೆ ಮೊದಲ ಸಾಲಿನಲ್ಲೇ ಸೇರಿತು. ಅಲ್ಲಿ ಎಲ್ಲರ ಹಾಲಿಗೂ ಒಂದೇ ಟೆಸ್ಟ್ ಇತ್ತಲ್ಲ.

ಬಾಟಲಿಯ ಮೇಲಿನ ಹಳದಿ

ಮತ್ತೆ ತೋಟಕ್ಕೆ ಬರುತ್ತೇನೆ. ಆ ಹಿರಿಯರಿಗೆ ಔಷಧಿ ಬಾಟಲಿಯ ಲೇಬಲ್ ತೋರಿಸಿದೆ. ಅದರ ಮೇಲೆ ಮೂಲೆ ಮೇಲಾಗಿ ನಿಲ್ಲಿಸಿದ ಚೌಕ ಇರುತ್ತದೆ, ಕೆಳಗಿನ ಅರ್ಧಕ್ಕೆ ಬಣ್ಣ. ಕೆಂಪು ಎಂದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು. ನಮ್ಮ ಬಾಟಲಿಯದು ಹಳದಿ. ಇಷ್ಟು ವರ್ಷ ಅದನ್ನು ಕಂಪನಿಯ ಗುರುತು ಎಂದುಕೊಂಡಿದ್ದರಂತೆ.

ಜೊತೆಗಿದ್ದ ಚೀಟಿಯಲ್ಲಿ ವಿಷ ಏರಿದರೆ ಕೊಡಬೇಕಾದ ಮದ್ದಿನ ಹೆಸರೂ ಇತ್ತು: ಅಟ್ರೋಪಿನ್. ಓದಿ ಹೇಳಿದೆ. ನೀರುಗಂಟಿಯ ಕೈ ಕಟ್ಟಿದಾಗ ಗದ್ದೆಗೆ ನೀರು ನುಗ್ಗದಂತೆ ಅಡ್ಡ ಬದು ಹಾಕುವ ಕೆಲಸ ಇದರದು. ಕಟ್ಟಿದ ಹಗ್ಗ ಬಿಚ್ಚಲು ಇನ್ನೊಂದು ಮದ್ದು ಇದೆ, ಪ್ರಾಲಿಡಾಕ್ಸಿಮ್. ತಡವಾದರೆ ಗಂಟು ಬಿಗಿದು ಬಿಚ್ಚಲು ಬರುವುದಿಲ್ಲ. ಅದಕ್ಕೇ ಮೈಮೇಲೆ ಔಷಧಿ ಚೆಲ್ಲಿದರೆ ಬಟ್ಟೆ ತೆಗೆದು ಸೋಪು ನೀರಿನಲ್ಲಿ ತೊಳೆದು, ಬಾಟಲಿಯ ಲೇಬಲ್ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಟ್ರೋಪಿನ್ ತಾನೇ ಒಂದು ವಿಷ, ಬೇಲಿಯ ಉಮ್ಮತ್ತಿ ಗಿಡದಲ್ಲೂ ಇದೆ. ಡಾಕ್ಟರ್ ಅಳೆದು ಕೊಡಬೇಕು, ಮನೆ ಮದ್ದು ಮಾಡಬಾರದು.

ಸರಿನ್ ದಾಳಿಯ ಭಯ ಇರುವ ಕಡೆ ಸೈನಿಕರು ಜೇಬಿನಲ್ಲಿ ಇಟ್ಟುಕೊಳ್ಳುವ ಇಂಜೆಕ್ಷನ್‌ನಲ್ಲೂ ಇರುವುದು ಇದೇ ಅಟ್ರೋಪಿನ್ ಎಂದೆ. ಅವರು ಬಾಟಲಿಯನ್ನು ಒಮ್ಮೆ ತಿರುಗಿಸಿ ನೋಡಿದರು. "ಅಂದ್ರೆ ಯುದ್ಧದವ್ರಿಗೂ ನಮಗೂ ಒಂದೇ ಮದ್ದು" ಎಂದರು. ಆಮೇಲೆ ಕೊಟ್ಟಿಗೆ ಗೂಟಕ್ಕೆ ಎರಡು ವರ್ಷದಿಂದ ನೇತುಹಾಕಿದ್ದ ಕೈಗವಸು, ಮಾಸ್ಕು ಎಲ್ಲಿವೆ ಎಂದು ಕೇಳಿದರು.